ಅಂಕೋರ್‌ನಲ್ಲಿ ಮೂರು ದಿನ: ಯಾವ ಗುಡಿ, ಯಾವ ಹೊತ್ತಿಗೆ

ಅಂಕೋರ್ ಎಂದರೆ ಅಂಕೋರ್ ವಾಟ್ ಎಂಬ ಒಂದೇ ದೇವಸ್ಥಾನ ಅಂದುಕೊಂಡು ಒಂದು ದಿನ ಇಟ್ಟುಕೊಂಡು ಹೋದವರು ಅರ್ಧಂಬರ್ಧ ನೋಡಿ, ಬಿಸಿಲಿಗೆ ಬಸವಳಿದು ವಾಪಸಾಗುತ್ತಾರೆ. ಅದು ಒಂದು ಗುಡಿಯಲ್ಲ, ಇಡೀ ರಾಜಧಾನಿ. ಕ್ರಿ.ಶ. 802ರಲ್ಲಿ ಎರಡನೇ ಜಯವರ್ಮನ್ ಕುಲೇನ್ ಬೆಟ್ಟದ ಮೇಲೆ ಪಟ್ಟಕ್ಕೇರಿದ ಮೇಲೆ, 15ನೇ ಶತಮಾನದವರೆಗೂ ಖ್ಮೇರ್ ದೊರೆಗಳು ಕಟ್ಟಿದ ಗುಡಿ, ಕೋಟೆ, ಕೆರೆಗಳು ಇಂದಿನ ಕಾಂಬೋಡಿಯಾದ ಸಿಯೆಮ್ ರೀಪ್ ಊರಿನ ಸುತ್ತ ಸುಮಾರು 400 ಚದರ ಕಿ.ಮೀ.ಯಲ್ಲಿ ಹರಡಿವೆ. ಇವನ್ನು ನೋಡಲು ಮೂರು ದಿನ ಬೇಕು. ಅದಕ್ಕಿಂತ ಮುಖ್ಯವಾದದ್ದು ಯಾವ ಗುಡಿಗೆ ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದು. ಗುಡಿಯ ಮುಖ ಯಾವ ದಿಕ್ಕಿಗಿದೆ ಎಂದು ತಿಳಿದುಕೊಂಡು ಹೊರಟರೆ ಶಿಲ್ಪ ಬೆಳಕಿನಲ್ಲಿ ಕಾಣುತ್ತದೆ, ಜನಜಂಗುಳಿಯೂ ತಪ್ಪುತ್ತದೆ. ಈ ಲೇಖನದ ದಿನಚರಿಯೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಸುಖದ ಕಾಲ. ಮಳೆ ಇಲ್ಲ, ಬೆಳಗ್ಗೆ ಹಿತವಾಗಿರುತ್ತದೆ, ಆದರೆ ಜನ ಹೆಚ್ಚು. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲು ರಾಯಚೂರಿನವರಿಗೂ ಕಷ್ಟವಾಗುತ್ತದೆ, ಯಾಕೆಂದರೆ ಅಲ್ಲಿ ಸೆಕೆ ಕರಾವಳಿಯದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ ಜೋರಾಗಿ ಹೊಡೆದು ನಿಲ್ಲುತ್ತದೆ. ಕಂದಕಗಳು ತುಂಬಿ, ಕಲ್ಲಿನ ಮೇಲೆ ಪಾಚಿ ಹಸಿರಾಗಿ, ಜನ ಕಡಿಮೆಯಾಗಿರುವ ಆ ದಿನಗಳೇ ನಮ್ಮ ಮೆಚ್ಚಿನವು. ಜಾರದ ಚಪ್ಪಲಿ, ರೇನ್‌ಕೋಟ್ ಇದ್ದರೆ ಸಾಕು.

ತಪ್ಪಿಸಬೇಕಾದ ದಿನಗಳೆಂದರೆ ಏಪ್ರಿಲ್ ಮಧ್ಯದ ಖ್ಮೇರ್ ಹೊಸ ವರ್ಷ. ತುಳುನಾಡಿನ ಬಿಸು ಹಬ್ಬದ ಆಸುಪಾಸಿನಲ್ಲೇ ಅದೂ ಬರುತ್ತದೆ. ಆಗ ಇಡೀ ದೇಶವೇ ರಜೆ ಹಾಕಿ ಅಂಕೋರ್‌ಗೆ ಬಂದಿರುತ್ತದೆ. ಮಾರ್ಚ್ 21 ಮತ್ತು ಸೆಪ್ಟೆಂಬರ್ 22ರ ಹೊತ್ತಿಗೆ ಸೂರ್ಯ ಅಂಕೋರ್ ವಾಟ್‌ನ ನಡುಗೋಪುರದ ನೆತ್ತಿಯ ಮೇಲೆಯೇ ಹುಟ್ಟುವುದರಿಂದ ಆ ಮುಂಜಾವುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ವೀಸಾ, ವಿಮಾನ, ದುಡ್ಡು

ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಪ್ರವಾಸಿ ಇ-ವೀಸಾ 30 ಡಾಲರ್, ಮೇಲೆ ಸೇವಾ ಶುಲ್ಕ. 30 ದಿನ ಇರಬಹುದು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ನಕಲಿ ತಾಣಗಳು. ಹುಡುಕಿದರೆ ಮೊದಲು ಬರುವವು ಎರಡು ಮೂರು ಪಟ್ಟು ವಸೂಲು ಮಾಡುವ ಮಧ್ಯವರ್ತಿಗಳು. ವಿಳಾಸ 'ಡಾಟ್ ಜಿಒವಿ ಡಾಟ್ ಕೆಎಚ್' ಎಂದು ಮುಗಿಯುವುದನ್ನು ನೋಡಿಯೇ ಕಾರ್ಡ್ ನಂಬರ್ ಹಾಕಿ. ಹೊರಡುವ ವಾರದಲ್ಲಿ ಇ-ಅರೈವಲ್ ಫಾರಂ ಕೂಡ ತುಂಬಬೇಕು. ಅದು ಉಚಿತ. ಅದಕ್ಕೂ ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ಬೆಂಗಳೂರಿನಿಂದ ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್ ತಲುಪಬಹುದು. ಎರಡೂ ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೇರೆ ಬೇರೆ ಮಾಡಿಸಿದರೆ ನಡುವೆ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್‌ಇನ್ ಮಾಡಲು ಆ ದೇಶದ ಇಮಿಗ್ರೇಷನ್ ದಾಟಬೇಕಾಗಬಹುದು. ಸಿಂಗಪುರವಾದರೆ ಅದಕ್ಕೇ ಇನ್ನೊಂದು ವೀಸಾ. ಥಾಯ್ಲೆಂಡ್ ನೋಡಿಕೊಂಡು ಬಸ್ಸಿನಲ್ಲಿ ಪೋಯ್ಪೆಟ್ ಗಡಿ ದಾಟುವುದು ಹಿಂದೆ ಅಗ್ಗದ ದಾರಿಯಾಗಿತ್ತು. 2025ರ ಜುಲೈನಲ್ಲಿ ಎರಡು ದೇಶಗಳ ನಡುವೆ ಗಡಿಯಲ್ಲಿ ಕಾಳಗವಾದ ಮೇಲೆ ಆ ದಾರಿಯನ್ನು ನಂಬಿ ಪ್ರವಾಸ ಹೂಡಬೇಡಿ. ಗಡಿಯ ಮೇಲೆಯೇ ಇರುವ ಪ್ರಿಯಾ ವಿಹಾರ್ ಗುಡಿಯನ್ನೂ ಸದ್ಯ ಪಟ್ಟಿಯಿಂದ ತೆಗೆಯಿರಿ.

ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಊರಿನಿಂದ ಹೆಚ್ಚುಕಡಿಮೆ 45 ಕಿ.ಮೀ., ಒಂದು ಗಂಟೆಯ ದಾರಿ. ಹಳೆಯ ಲೇಖನಗಳಲ್ಲಿ 'ಹತ್ತೇ ನಿಮಿಷ' ಎಂದಿರುವುದು ಹಳೆಯ ನಿಲ್ದಾಣದ ಮಾತು. ಹೋಟೆಲ್‌ನವರಿಗೆ ಹೇಳಿ ಗಾಡಿ ತರಿಸಿಕೊಳ್ಳಿ, ಇಲ್ಲವೇ ನಿಲ್ದಾಣದ ಶಟಲ್ ಬಸ್ ಹಿಡಿಯಿರಿ.

ಅಲ್ಲಿ ಡಾಲರ್ ಮತ್ತು ರಿಯೆಲ್ ಎರಡೂ ನಡೆಯುತ್ತವೆ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್. ಚಿಲ್ಲರೆಯನ್ನು ರಿಯೆಲ್‌ನಲ್ಲಿ ಕೊಡುತ್ತಾರೆ. ಊರಿಂದಲೇ 1, 5, 10 ಡಾಲರ್ ನೋಟುಗಳನ್ನು ಒಯ್ಯಿರಿ. ಅಂಚು ಸ್ವಲ್ಪ ಹರಿದಿದ್ದರೂ, ಪೆನ್ನಿನ ಗುರುತಿದ್ದರೂ ಆ ನೋಟು ಅಲ್ಲಿ ಯಾರೂ ಮುಟ್ಟುವುದಿಲ್ಲ. ಮನಿ ಚೇಂಜರ್ ಹತ್ತಿರವೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳಿ.

ಟಿಕೆಟ್

ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಟಿಕೆಟ್ಟನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಎಡೆಬಿಡದೆ ನೋಡಬೇಕೆಂದಿಲ್ಲ. ನಡುವೆ ಒಂದು ದಿನ ಬಿಡುವು ಇಡಿ. ಎರಡನೇ ದಿನದ ಸಂಜೆಗೆ ಕಣ್ಣಿಗೆ ಎಲ್ಲ ಗೋಪುರವೂ ಒಂದೇ ಥರ ಕಾಣತೊಡಗುತ್ತದೆ. ಆ ಆಯಾಸ ಕಾಲಿನದ್ದಲ್ಲ, ಮನಸ್ಸಿನದ್ದು, ಬಿಡುವಿಲ್ಲದೆ ಹೋಗುವುದಿಲ್ಲ.

ಟಿಕೆಟ್ ಕೇಂದ್ರ ಊರಿನಿಂದ ಸುಮಾರು 4 ಕಿ.ಮೀ. ದೂರದಲ್ಲಿ, ಗುಡಿಗಳಿಗಿಂತ ಮೊದಲೇ ಇದೆ. ಗುಡಿಯ ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ. ಅಲ್ಲೇ ನಿಮ್ಮ ಫೋಟೊ ತೆಗೆದು ಟಿಕೆಟ್ ಮೇಲೆ ಅಚ್ಚು ಹಾಕುತ್ತಾರೆ. ಪ್ರತಿ ಗುಡಿಯಲ್ಲೂ ತಪಾಸಣೆ ಇದೆ. ಕಳೆದುಕೊಂಡರೆ ಮತ್ತೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಕು, ಹಾಗಾಗಿ ಕೊರಳಿಗೆ ಹಾಕುವ ಪೌಚ್‌ನಲ್ಲಿಡಿ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಅಂಕೋರ್ ಎಂಟರ್‌ಪ್ರೈಸ್ ಎಂಬ ಸರ್ಕಾರಿ ಸಂಸ್ಥೆಯ ತಾಣದಲ್ಲಿ ಮಾತ್ರ. ದಾರಿಯಲ್ಲಿ ಯಾರೋ ಮಾರುವ, ಒಂದು ದಿನ ಬಾಕಿ ಇರುವ ಟಿಕೆಟ್ ನಿಮ್ಮ ಮುಖಕ್ಕೆ ಹೊಂದುವುದಿಲ್ಲ.

ಸಂಜೆ 4:45 ದಾಟಿದ ಮೇಲೆ ಕೊಂಡರೆ ಟಿಕೆಟ್ ಮರುದಿನದಿಂದ ಲೆಕ್ಕಕ್ಕೆ ಬರುತ್ತದೆ, ಅಂದಿನ ಸಂಜೆ ಒಳಗೆ ಹೋಗಲು ಪುಕ್ಕಟೆ ಅವಕಾಶ. ಮುಳುಗುವ ಸೂರ್ಯನನ್ನು ನೋಡಲು ಎಲ್ಲರೂ ಬಾಖೆಂಗ್ ಗುಡ್ಡಕ್ಕೆ ಓಡುತ್ತಾರೆ. ಮೇಲೆ ಒಮ್ಮೆಗೆ 300 ಜನರಿಗಷ್ಟೇ ಜಾಗ, ನೀವು ತಲುಪುವ ಹೊತ್ತಿಗೆ ಅದು ತುಂಬಿರುತ್ತದೆ. ನೀವು ಅಂಕೋರ್ ವಾಟ್‌ನ ಪಶ್ಚಿಮ ಕಂದಕದ ದಂಡೆಗೆ ಹೋಗಿ ಕುಳಿತುಕೊಳ್ಳಿ. ಹೊರಗಿನಿಂದ ಒಮ್ಮೆ ನೋಡಿಕೊಂಡರೆ ಮರುದಿನ ಒಳಗೆ ದಿಕ್ಕು ತಪ್ಪುವುದಿಲ್ಲ.

ಉಡುಪು, ಗಾಡಿ, ಗೈಡ್

ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೆ ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ. ತೆಳು ಹತ್ತಿಯ ಸಡಿಲ ಬಟ್ಟೆ, ಟೋಪಿ, ಒಬ್ಬರಿಗೆ ದಿನಕ್ಕೆ ಕನಿಷ್ಠ 3 ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಸೊಳ್ಳೆ ಮುಲಾಮು ಇರಲಿ. ಚಿಕ್ಕ ಟಾರ್ಚ್ ಮರೆಯಬೇಡಿ. ಗರ್ಭಗುಡಿಗಳ ಒಳಗೆ ದೀಪವಿಲ್ಲ.

ನಾಲ್ಕು ಜನರವರೆಗೆ ಟುಕ್‌ಟುಕ್ ಸಾಕು. ಅಂಕೋರ್ ವಾಟ್, ಅಂಕೋರ್ ಥೋಮ್, ತಾ ಪ್ರೋಮ್ ಸೇರಿದ ಸಣ್ಣ ಸುತ್ತಿಗೆ ಇಡೀ ದಿನಕ್ಕೆ 15ರಿಂದ 20 ಡಾಲರ್ ಕೇಳುತ್ತಾರೆ. ದೂರದ ಬಂತೇ ಸ್ರೇಗೆ ಇನ್ನೂ ಹೆಚ್ಚು. ಸೂರ್ಯೋದಯಕ್ಕೆ ಬೇಗ ಬರಬೇಕೆಂದರೆ ಕೆಲವು ಡಾಲರ್ ಮೇಲೆ. ಹೊರಡುವ ಮುಂಚೆಯೇ ಗುಡಿಗಳ ಹೆಸರು, ಕ್ರಮ, ಒಟ್ಟು ದರ ಮೂರನ್ನೂ ಮಾತಾಡಿಕೊಳ್ಳಿ. ಕ್ರಮ ಹೇಳದಿದ್ದರೆ ಚಾಲಕರು ಎಲ್ಲರಂತೆ ಬೆಳಗ್ಗೆ ಅಂಕೋರ್ ವಾಟ್‌ಗೇ ಕರೆದೊಯ್ಯುತ್ತಾರೆ. ಸಣ್ಣ ಸುತ್ತು 17 ಕಿ.ಮೀ., ದೊಡ್ಡ ಸುತ್ತು 26 ಕಿ.ಮೀ. ಸಮತಟ್ಟು ರಸ್ತೆ, ಮರದ ನೆರಳು. ಚಳಿಗಾಲದಲ್ಲಿ ಸೈಕಲ್ಲಿಗೂ ಸೈ.

ಗೈಡ್ ಬೇಕಾದರೆ ಪರವಾನಗಿ ಇರುವವರನ್ನೇ ಹೋಟೆಲ್ ಮೂಲಕ ಗೊತ್ತುಮಾಡಿ. ರಾಮಾಯಣ, ಮಹಾಭಾರತ ಬಲ್ಲ ನಮ್ಮವರಿಗೆ ಕಥೆ ಹೇಳಲು ಗೈಡ್ ಬೇಕಿಲ್ಲ. ಅಂಕೋರ್ ಥೋಮ್ ಕೋಟೆಯೊಳಗಿನ ಗುಡಿಗಳಾದ ಬಯೋನ್‌ನ ಜನಜೀವನದ ಶಿಲ್ಪಗಳಿಗೆ, ಬಾಪುವೊನ್‌ನ ಇತಿಹಾಸಕ್ಕೆ ಬೇಕು. ಒಂದೇ ದಿನಕ್ಕೆ ಇಟ್ಟುಕೊಳ್ಳುವುದಾದರೆ ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಮೊದಲ ದಿನ: ರೊಲುವೊಸ್, ಆಮೇಲೆ ಅಂಕೋರ್ ವಾಟ್

ಬೆಳಗ್ಗೆ 7ಕ್ಕೆ ಹೊರಟು ಊರಿನ ಪೂರ್ವಕ್ಕೆ 13 ಕಿ.ಮೀ. ದೂರದ ರೊಲುವೊಸ್‌ಗೆ ಹೋಗಿ. ಒಂದನೇ ಇಂದ್ರವರ್ಮನ್ 879ರಲ್ಲಿ ಪ್ರತಿಷ್ಠಾಪಿಸಿದ ಪ್ರಿಯಾ ಕೋ, 881ರ ಬಾಕೋಂಗ್, ಅವನ ಮಗ ಕಟ್ಟಿಸಿದ 893ರ ಲೋಲೇ, ಮೂರೂ ಹತ್ತಿರ ಹತ್ತಿರ ಇವೆ. ಮುಖ ಪೂರ್ವಕ್ಕೆ, ಹಾಗಾಗಿ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಪ್ರಿಯಾ ಕೋದಲ್ಲಿ ಗೋಪುರಗಳಿಗೆ ಎದುರಾಗಿ ಮೂರು ನಂದಿಗಳು ಮಲಗಿವೆ. ಇಟ್ಟಿಗೆಯ ಗೋಡೆಯಲ್ಲಿ ಬೆರಳಗಲ ಕೂಡ ಗಾರೆ ಕಾಣುವುದಿಲ್ಲ, ಅಷ್ಟು ಬಿಗಿಯಾಗಿ ಉಜ್ಜಿ ಕೂರಿಸಿದ್ದಾರೆ. ಲೋಲೇಯ ಬಾಗಿಲವಾಡಗಳ ತುಂಬ ಸಾಲುಸಾಲಾಗಿ ಶಾಸನ. ಖ್ಮೇರ್ ಲಿಪಿ ಪಲ್ಲವ ಲಿಪಿಯಿಂದ ಬೆಳೆದದ್ದು. ಹಳೆಯ ಕನ್ನಡ ಶಾಸನಗಳನ್ನು ನೋಡಿ ಅಭ್ಯಾಸವಿದ್ದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಐದು ಮೆಟ್ಟಿಲ ಪಿರಮಿಡ್ಡಿನಂಥ ಬಾಕೋಂಗ್ ನೋಡಿದ ಮೇಲೆ ಅಂಕೋರ್ ವಾಟ್‌ನ ಎತ್ತರ ಎಲ್ಲಿಂದ ಬಂತು ಎಂಬುದು ತಾನೇ ಅರ್ಥವಾಗುತ್ತದೆ. ಅದಕ್ಕಾಗಿಯೇ ಮೊದಲು ಇಲ್ಲಿಗೆ ಬನ್ನಿ ಎನ್ನುವುದು. ಇಲ್ಲಿ ಮೂರು ಗಂಟೆ ಸಾಕು.

ಊಟ ಮುಗಿಸಿ 12:30ಕ್ಕೆ ಅಂಕೋರ್ ವಾಟ್ ಹೊಕ್ಕುಬಿಡಿ. ನಡುಮಧ್ಯಾಹ್ನ ಯಾಕೆ ಅಂದರೆ, ಬೆಳಗಿನ ಗುಂಪು ಊಟಕ್ಕೆ ಹೋಗಿರುತ್ತದೆ, ಮತ್ತು ನೀವು ನೋಡಬೇಕಾದ ಶಿಲ್ಪಗಳೆಲ್ಲ ನೆರಳಿನ ಮೊಗಸಾಲೆಗಳಲ್ಲಿವೆ. ಖ್ಮೇರ್ ಗುಡಿಗಳು ಹೆಚ್ಚಾಗಿ ಪೂರ್ವಾಭಿಮುಖ. ಇದು ಪಶ್ಚಿಮಾಭಿಮುಖ. ಮುಂಜಾನೆ ಮುಂಭಾಗ ಬರೀ ಕಪ್ಪು ನೆರಳಾಗಿ ಕಾಣುತ್ತದೆ, ಮಧ್ಯಾಹ್ನ ಮೂರರ ಮೇಲೆ ಕಲ್ಲು ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ.

ಎರಡನೇ ಸೂರ್ಯವರ್ಮನ್ ಇದನ್ನು 12ನೇ ಶತಮಾನದ ಮೊದಲರ್ಧದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಎರಡೂ ಒಂದೇ ಕಾಲದ ಕೆಲಸ. ಬೇಲೂರಿನ ಬಳಪದ ಕಲ್ಲು ಮೃದು, ಆಳಕ್ಕೆ ಕೊರೆಯಬಹುದು. ಇಲ್ಲಿ ಮರಳುಗಲ್ಲು, ಹಾಗಾಗಿ ಉಬ್ಬು ಕಡಿಮೆ, ಹರವು ಹೆಚ್ಚು. ಒಳಗಿನ ತಿರುಳಿಗೆ ಬಳಸಿರುವುದು ನಮ್ಮ ಕರಾವಳಿಯವರು ಮನೆ ಕಟ್ಟುವ ಮುರಕಲ್ಲಿನ ಜಾತಿಯದ್ದೇ. ಮರಳುಗಲ್ಲನ್ನು ಸುಮಾರು 40 ಕಿ.ಮೀ. ದೂರದ ಕುಲೇನ್ ಬೆಟ್ಟದ ಬುಡದಿಂದ ತಂದರು. ಗೋಡೆಯ ಕಲ್ಲುಗಳಲ್ಲಿ ಜೋಡಿ ಜೋಡಿಯಾಗಿ ಹೆಬ್ಬೆರಳು ಹಿಡಿಸುವಷ್ಟು ದುಂಡು ತೂತುಗಳು ಕಾಣುತ್ತವೆ. ಅವು ಗುಂಡೇಟಿನವಲ್ಲ. ಮರದ ಗೂಟ ಬಡಿದು ಕಲ್ಲನ್ನು ಎತ್ತಲು ಮಾಡಿದವು.

ಒಳಗೆ ಹೋದೊಡನೆ ಮೊದಲು ಮೇಲಿನ ಅಂತಸ್ತು, ಬಾಕನ್, ಹತ್ತಿ. ಈ ಹೊತ್ತಿಗೆ ಸಾಲು ಚಿಕ್ಕದು. ಮರದ ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರು ಕೆಳಗೇ ಇದ್ದರೆ ಒಳ್ಳೆಯದು. 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಬೌದ್ಧರ ಪರ್ವದಿನಗಳಲ್ಲಿ, ಅಂದರೆ ಹುಣ್ಣಿಮೆ, ಅಮಾವಾಸ್ಯೆ ಮತ್ತು ಎರಡು ಅಷ್ಟಮಿಗಳಂದು, ಬಾಕನ್ ಮುಚ್ಚಿರುತ್ತದೆ. ಮನೆಯ ಪಂಚಾಂಗ ನೋಡಿಯೇ ದಿನ ಗೊತ್ತುಮಾಡಬಹುದು, ಒಂದು ದಿನ ಹಿಂದುಮುಂದಾದೀತೆಂದು ಹೋಟೆಲ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಇಳಿದ ಮೇಲೆ ಕೆಳಗಿನ ಮೊಗಸಾಲೆ. ಪಶ್ಚಿಮ ಬಾಗಿಲಿನಿಂದ ಬಲಕ್ಕೆ ತಿರುಗಿ, ಗೋಡೆ ನಿಮ್ಮ ಎಡಕ್ಕೆ ಬರುವಂತೆ ನಡೆಯಿರಿ. ಇದು ಪ್ರದಕ್ಷಿಣೆಯಲ್ಲ, ಅಪ್ರದಕ್ಷಿಣೆ. ಕಥೆಗಳು ಜೋಡಿಸಿರುವುದೇ ಹಾಗೆ. ಇದು ರಾಜನ ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಗುಡಿ ಎಂಬ ವಾದಕ್ಕೆ ವಿದ್ವಾಂಸರು ಈ ತಿರುವನ್ನೂ ಪಶ್ಚಿಮದ ಮುಖವನ್ನೂ ಎತ್ತಿ ತೋರಿಸುತ್ತಾರೆ. ಮೊದಲು ಕುರುಕ್ಷೇತ್ರ: ಎಡದಿಂದ ಕೌರವರು, ಬಲದಿಂದ ಪಾಂಡವರು, ಎಡ ತುದಿಯ ಹತ್ತಿರ ಶರಶಯ್ಯೆಯ ಭೀಷ್ಮ. ದಕ್ಷಿಣಕ್ಕೆ ತಿರುಗಿದರೆ ಸೂರ್ಯವರ್ಮನ್‌ನ ಮೆರವಣಿಗೆ, ಮುಂದೆ ಯಮನ ತೀರ್ಪು ಮತ್ತು 32 ನರಕಗಳು.

ಪೂರ್ವದ ಮೊಗಸಾಲೆಯಲ್ಲಿ 49 ಮೀಟರ್ ಉದ್ದದ ಸಮುದ್ರಮಥನ. ಇಲ್ಲಿ ಅರ್ಧ ಗಂಟೆ ಕೊಡಿ. ಎಡಕ್ಕೆ 92 ಅಸುರರು, ಬಲಕ್ಕೆ 88 ದೇವತೆಗಳು, ನಡುವೆ ಕೂರ್ಮನ ಬೆನ್ನ ಮೇಲೆ ಮಂದರ, ಅದರ ಮುಂದೆ ಚತುರ್ಭುಜ ವಿಷ್ಣು. ಬಹಳ ಜನ ಇಷ್ಟು ನೋಡಿ ಮುಂದೆ ಹೋಗುತ್ತಾರೆ. ನೀವು ಬಗ್ಗಿ ಕೆಳಗಿನ ಪಟ್ಟಿ ನೋಡಿ. ತುದಿಗಳಲ್ಲಿ ಮೀನು, ಮೊಸಳೆಗಳು ಇಡಿಯಾಗಿ ಈಜುತ್ತಿವೆ. ಮಂದರ ಹತ್ತಿರವಾದಂತೆ ಅವು ನಡುವೆ ಕತ್ತರಿಸಿ ಎರಡು ತುಂಡಾಗಿವೆ. ಕಡಗೋಲಿನ ಸುಳಿ ಎಷ್ಟು ರಭಸದ್ದು ಎಂಬುದನ್ನು ಶಿಲ್ಪಿ ನೀರು ಕೆತ್ತದೆ ಮೀನಿನ ಮೈಯಲ್ಲಿ ತೋರಿಸಿದ್ದಾನೆ. ಉತ್ತರದ ಬಾಣಾಸುರನ ಯುದ್ಧ 16ನೇ ಶತಮಾನದಲ್ಲಿ ಕೆತ್ತಿದ್ದು, ಕೈ ಒರಟು, ಬೇಗ ದಾಟಬಹುದು. ಮತ್ತೆ ಪಶ್ಚಿಮಕ್ಕೆ ಬಂದಾಗ ಲಂಕೆಯ ಯುದ್ಧ. ಕಪಿಗಳು ರಾಕ್ಷಸರ ರಥದ ಪ್ರಾಣಿಗಳನ್ನು ಕಚ್ಚುವುದನ್ನು ಮಕ್ಕಳಿಗೆ ತೋರಿಸಿ.

ಮುಟ್ಟಬೇಡಿ. ಗೋಡೆಯ ಕೆಲವು ಭಾಗ ಎಣ್ಣೆ ಸವರಿದ ಹಾಗೆ ಮಿನುಗುವುದಕ್ಕೆ ಕೈ ಆಡಿಸಿದ್ದೂ ಕಾರಣ. ಬೆವರಿನ ಉಪ್ಪು ಮರಳುಗಲ್ಲಿನ ಪದರಕ್ಕೆ ಇಳಿದರೆ ಆ ಪದರ ಚಕ್ಕೆಯೇಳುತ್ತದೆ. ಈ ಗುಡಿಯ ದುರಸ್ತಿಯಲ್ಲಿ ಭಾರತೀಯ ಪುರಾತತ್ವ ಇಲಾಖೆ 1986ರಿಂದ 1993ರವರೆಗೆ ದುಡಿದಿದೆ.

ಎರಡನೇ ದಿನ: ಅಂಕೋರ್ ಥೋಮ್, ಪ್ರಿಯಾ ಖಾನ್, ತಾ ಪ್ರೋಮ್

7:30ಕ್ಕೆ ಸರಿಯಾಗಿ ಬಯೋನ್‌ನಲ್ಲಿರಿ. ಸೂರ್ಯೋದಯ ನೋಡಿದವರು ಆಗ ತಿಂಡಿ ತಿನ್ನುತ್ತಿರುತ್ತಾರೆ. ದಾರಿಯಲ್ಲಿ ಅಂಕೋರ್ ಥೋಮ್ ಕೋಟೆಯ ದಕ್ಷಿಣದ ಹೆಬ್ಬಾಗಿಲಲ್ಲಿ ಇಳಿದು ನಡೆಯಿರಿ: ಒಂದು ಬದಿ 54 ದೇವತೆಗಳು, ಇನ್ನೊಂದು ಬದಿ 54 ಅಸುರರು ನಾಗನನ್ನು ಹಿಡಿದಿದ್ದಾರೆ. ನಿನ್ನೆ ಗೋಡೆಯ ಮೇಲೆ ಕಂಡ ಮಥನ ಇಲ್ಲಿ ಸೇತುವೆಯಾಗಿದೆ. ಏಳನೇ ಜಯವರ್ಮನ್ 12ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಈ ಕೋಟೆಯ ಒಂದೊಂದು ಬದಿ 3 ಕಿ.ಮೀ. ಬಯೋನ್‌ನ ಗೋಪುರಗಳಲ್ಲಿ ಕೆತ್ತಿದ ದೊಡ್ಡ ಮುಖಗಳಿಗೆ ಮನಸೋತು ಹೊರಗೋಡೆಯನ್ನು ಬಿಡಬೇಡಿ. ದಕ್ಷಿಣ ಬದಿಯಲ್ಲಿ ನೆರೆಯ ಚಂಪಾ ರಾಜ್ಯದ ಚಾಮರೊಂದಿಗಿನ ದೋಣಿ ಯುದ್ಧ, ಅದರ ಕೆಳಗೆ ಸಂತೆ, ಕೋಳಿ ಅಂಕ, ಅಡುಗೆ, ಹೆರಿಗೆ. ರಾಜರ ಕಾಲದ ಸಾಮಾನ್ಯರ ಬದುಕು ಇಷ್ಟು ಬಿಡಿಸಿ ಕಾಣುವ ಗೋಡೆ ಅಂಕೋರ್‌ನಲ್ಲಿ ಇನ್ನೊಂದಿಲ್ಲ.

ಪಕ್ಕದ ಬಾಪುವೊನ್ 11ನೇ ಶತಮಾನದ್ದು. ಫ್ರೆಂಚ್ ತಂಡ ದುರಸ್ತಿಗಾಗಿ ಅದರ ಕಲ್ಲುಗಳನ್ನು ಬಿಚ್ಚಿ ಕಾಡಿನಲ್ಲಿ ಹರವಿತ್ತು. ಯುದ್ಧ ಬಂದು ಕೆಲಸ ನಿಂತಿತು, ಯಾವ ಕಲ್ಲು ಎಲ್ಲಿಯದು ಎಂಬ ದಾಖಲೆ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ನಾಶವಾಯಿತು. ಸುಮಾರು 3 ಲಕ್ಷ ಕಲ್ಲುಗಳನ್ನು 1995ರಿಂದ 2011ರವರೆಗೆ ಮತ್ತೆ ಒಂದೊಂದಾಗಿ ಹೊಂದಿಸಿದರು. ಹಿಂದಕ್ಕೆ, ಪಶ್ಚಿಮದ ಗೋಡೆಗೆ ಹೋಗಿ ದೂರ ನಿಂತು ನೋಡಿ: ಆ ಗೋಡೆಯೇ ಮಲಗಿದ ಬುದ್ಧ. ಹತ್ತಿರದಿಂದ ಅದು ಕಾಣುವುದೇ ಇಲ್ಲ.

11ರಿಂದ 2ರವರೆಗೆ ಹೋಟೆಲ್‌ಗೆ ಹೋಗಿ ಮಲಗಿ. ಇದನ್ನು ಉಳಿತಾಯದ ಲೆಕ್ಕದಲ್ಲಿ ಬಿಟ್ಟವರೇ ಮೂರನೇ ದಿನ ಜ್ವರ, ತಲೆಸುತ್ತಿನಿಂದ ಹಾಸಿಗೆ ಹಿಡಿಯುವುದು. ಆಮೇಲೆ 1191ರ ಪ್ರಿಯಾ ಖಾನ್, ನಾಲ್ಕರ ಹೊತ್ತಿಗೆ 1186ರ ತಾ ಪ್ರೋಮ್. ಮೊದಲನೆಯದು ಜಯವರ್ಮನ್ ತಂದೆಗಾಗಿ, ಎರಡನೆಯದು ತಾಯಿಗಾಗಿ ಕಟ್ಟಿಸಿದ್ದು. ತಾ ಪ್ರೋಮ್‌ನಲ್ಲಿ ಮರದ ಬೇರುಗಳ ಮುಂದೆ ಫೋಟೊಗೆ ಸಾಲು ನಿಲ್ಲುವುದು ಬೆಳಗ್ಗೆ 9ರಿಂದ 11ರವರೆಗೆ. ಸಂಜೆ ಸಲೀಸು. ಗುಡಿಗಳು 5:30ಕ್ಕೆ ಮುಚ್ಚುತ್ತವೆ.

ಮೂರನೇ ದಿನ: ಬಂತೇ ಸ್ರೇ ಮತ್ತು ಕ್ಬಾಲ್ ಸ್ಪಿಯನ್

6:30ಕ್ಕೆ ಹೊರಡಿ. ಬಂತೇ ಸ್ರೇ ಊರಿನಿಂದ ಸುಮಾರು 37 ಕಿ.ಮೀ. 967ರಲ್ಲಿ ಪ್ರತಿಷ್ಠೆಯಾದ ಈ ಶಿವನ ಗುಡಿ ರಾಜನದ್ದಲ್ಲ, ಯಜ್ಞವರಾಹ ಎಂಬ ರಾಜಗುರುವಿನದ್ದು. ಗೋಪುರಗಳು ಹತ್ತು ಮೀಟರ್ ಕೂಡ ಇಲ್ಲ, ಕೆಂಬಣ್ಣದ ಮರಳುಗಲ್ಲಿನ ಮೇಲೆ ಬೆರಳಿಡುವಷ್ಟು ಜಾಗ ಬಿಡದೆ ಕೆತ್ತಿದ್ದಾರೆ. 'ಗ್ರಂಥಾಲಯ' ಎಂದು ಕರೆಯುವ ಎರಡು ಚಿಕ್ಕ ಕಟ್ಟಡಗಳಲ್ಲಿ ದಕ್ಷಿಣದ್ದರ ಪೂರ್ವ ಮುಖದಲ್ಲಿ ಕೈಲಾಸ ಅಲುಗಿಸುವ ರಾವಣ. ಹಳೇಬೀಡಿನ ರಾವಣನನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಅದರ ಪಶ್ಚಿಮ ಮುಖದಲ್ಲಿ ಕಾಮದಹನ, ಉತ್ತರದ ಗ್ರಂಥಾಲಯದಲ್ಲಿ ಖಾಂಡವವನದ ಮೇಲೆ ಇಂದ್ರ ಸುರಿಸುವ ಮಳೆ ಮತ್ತು ಕಂಸವಧೆ. ನಡುವಿನ ಗೋಪುರಗಳ ಹತ್ತಿರ ಹಗ್ಗ ಕಟ್ಟಿದ್ದಾರೆ, ಚಿಕ್ಕ ದುರ್ಬೀನು ಇದ್ದರೆ ಇಲ್ಲಿ ಬಹಳ ಉಪಯೋಗ. ಪಶ್ಚಿಮ ಮುಖದ ಶಿಲ್ಪಗಳಿಗೆ ಬೆಳಗ್ಗೆ ನೆರಳೇ, ಆದರೆ 9:30ರ ಮೇಲೆ ಬಸ್ಸುಗಳು ಬಂದರೆ ಈ ಚಿಕ್ಕ ಅಂಗಳದಲ್ಲಿ ಕಾಲಿಡಲಾಗುವುದಿಲ್ಲ, ಹಾಗಾಗಿ ಬೆಳಗ್ಗೆಯೇ ಸರಿ.

ಅಲ್ಲಿಂದ ಮುಂದೆ ಹನ್ನೆರಡು ಕಿ.ಮೀ. ಹೋದರೆ ಕ್ಬಾಲ್ ಸ್ಪಿಯನ್. ಕಾಡಿನಲ್ಲಿ ಒಂದೂವರೆ ಕಿ.ಮೀ. ಏರು, ಬೇರು ಕಲ್ಲುಗಳ ದಾರಿ, ಮುಕ್ಕಾಲು ಗಂಟೆ. ಹೊಳೆಯ ತಳದ ಬಂಡೆಯಲ್ಲಿ ಸಾಲುಸಾಲು ಲಿಂಗಗಳು, ಶೇಷಶಾಯಿ ವಿಷ್ಣು. ನೀರು ಇವುಗಳ ಮೇಲೆ ಹರಿದು ಬಯಲಿಗೆ ಇಳಿಯುತ್ತದೆ. ಶಿರಸಿ ಬಳಿ ಶಾಲ್ಮಲಾ ಹೊಳೆಯ ಸಹಸ್ರಲಿಂಗ ಕಂಡವರಿಗೆ ಇದು ಹೊಸತೆನಿಸುವುದಿಲ್ಲ, ಇಲ್ಲಿಯದು ಮಾತ್ರ 11ನೇ ಶತಮಾನದಷ್ಟು ಹಳೆಯದು. ದೊಡ್ಡ ಮಳೆಯ ಮರುದಿನ ಹೋದರೆ ಕೆಂಪು ನೀರಲ್ಲಿ ಏನೂ ಕಾಣದು, ಮಾರ್ಚ್ ಏಪ್ರಿಲ್‌ನಲ್ಲಿ ಝರಿ ಬತ್ತಿರುತ್ತದೆ. ಮಧ್ಯಾಹ್ನ 3ರ ಮೇಲೆ ಹತ್ತಲು ಬಿಡುವುದಿಲ್ಲ. ಗುರುತು ಮಾಡಿದ ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ. ಕಾಂಬೋಡಿಯಾದ ಹಳ್ಳಿಗಾಡಿನಲ್ಲಿ ಯುದ್ಧಕಾಲದ ನೆಲಬಾಂಬುಗಳನ್ನು ಈಗಲೂ ತೆಗೆಯುತ್ತಲೇ ಇದ್ದಾರೆ.

ಊಟ, ಮಂಗ, ಮಾರಾಟಗಾರರು

ಸಸ್ಯಾಹಾರಿಗಳು 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು. ಮೀನಿನ ಸಾಸ್, ಪ್ರಹೋಕ್ ಎಂಬ ಹುದುಗಿಸಿದ ಮೀನಿನ ಪೇಸ್ಟ್ ತರಕಾರಿ ಪಲ್ಯದಲ್ಲೂ ಇರುತ್ತದೆ. ಅವೆರಡನ್ನೂ ಹೆಸರಿಟ್ಟು ಬೇಡ ಎನ್ನಿ. ಊರಲ್ಲಿ ಭಾರತೀಯ ಹೋಟೆಲ್‌ಗಳಿವೆ, ಗುಡಿಗಳ ಹತ್ತಿರ ಇಲ್ಲ. ಅವಲಕ್ಕಿ, ಚಟ್ನಿಪುಡಿ, ಕಡಲೆ ಜೊತೆಗಿದ್ದರೆ ಮಧ್ಯಾಹ್ನ ಪರದಾಟವಿಲ್ಲ. ಅವನ್ನು ಮಂಗಗಳಿಗೆ ಕಾಣದಂತೆ ಇಡಿ. ಕಚ್ಚಿದರೆ, ಪರಚಿದರೆ ಅಂದೇ ಸೋಪು ನೀರಲ್ಲಿ 15 ನಿಮಿಷ ತೊಳೆದು ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಪ್ರಯಾಣ ವಿಮೆ ಇಲ್ಲದೆ ಹೋಗಬೇಡಿ.

ಗುಡಿಯೊಳಗೆ ಊದುಬತ್ತಿ ಕೈಗಿಡುವವರು, ಅಪ್ಸರೆಯ ವೇಷದಲ್ಲಿ ಫೋಟೊಗೆ ನಿಲ್ಲುವವರು, 'ಒಳ್ಳೆಯ ಜಾಗ ತೋರಿಸುತ್ತೇನೆ' ಎನ್ನುವವರು ಕೊನೆಗೆ ದುಡ್ಡು ಕೇಳುತ್ತಾರೆ. ಮೊದಲೇ ಬೇಡ ಎಂದರೆ ಮುಗಿಯಿತು. ಮಕ್ಕಳು ಮಾರುವ ಪೋಸ್ಟ್‌ಕಾರ್ಡ್ ಕೊಳ್ಳಬೇಡಿ. ವ್ಯಾಪಾರ ಆಗುವಷ್ಟು ದಿನ ಅವರನ್ನು ಶಾಲೆಗೆ ಕಳಿಸುವುದಿಲ್ಲ. 'ಹಳೆಯ ಕಲ್ಲು' ಎಂದು ಯಾರು ಏನು ಕೊಟ್ಟರೂ ಮುಟ್ಟಬೇಡಿ. ಅಂಕೋರ್‌ನ ಎಷ್ಟೋ ವಿಗ್ರಹಗಳಿಗೆ ತಲೆ ಇಲ್ಲದಿರುವುದು ಇಂಥ ಕೊಳ್ಳುಗರಿಂದಲೇ, ಮತ್ತು ಅದು ಅಲ್ಲಿ ಅಪರಾಧ. ಡ್ರೋನ್‌ಗೆ ಅನುಮತಿ ಬೇಕು, ಮನೆಯಲ್ಲೇ ಬಿಡಿ.

ಒಂದೇ ದಿನ ಇದ್ದರೆ

7:30ಕ್ಕೆ ತಾ ಪ್ರೋಮ್, 9ಕ್ಕೆ ಬಯೋನ್ ಮತ್ತು ಬಾಪುವೊನ್, 12:30ರಿಂದ ಸಂಜೆವರೆಗೆ ಅಂಕೋರ್ ವಾಟ್. ಬಂತೇ ಸ್ರೇ ಸೇರಿಸಲು ಹೋದರೆ ಎರಡೂವರೆ ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಬೇಡ. ಸೂರ್ಯೋದಯ ನೋಡಲೇಬೇಕೆಂಬ ಹಠವಿದ್ದರೆ ಟಿಕೆಟ್ ಹಿಂದಿನ ಸಂಜೆಯೇ ಕೊಂಡು, 5ಕ್ಕೆ ಬಾಗಿಲು ತೆರೆಯುವಾಗ ಅಂಕೋರ್ ವಾಟ್‌ನಲ್ಲಿರಿ. ಸೂರ್ಯ ಮೇಲೆ ಬಂದೊಡನೆ ಗುಂಪು ತಿಂಡಿಗೆ ಹೊರಗೆ ಹೋಗುತ್ತದೆ, ನೀವು ಒಳಗೆ ಹೋಗಿ. ಪೂರ್ವದ ಮೊಗಸಾಲೆಗೆ ಆಗಷ್ಟೇ ಎಳೆಬಿಸಿಲು ಬೀಳುವುದರಿಂದ ಸಮುದ್ರಮಥನದಿಂದ ಶುರುಮಾಡಿ, ಬಾಕನ್ ತೆರೆದ ಮೇಲೆ ಹತ್ತಿ, 10ರ ಹೊತ್ತಿಗೆ ಬಯೋನ್ ಕಡೆ ಹೊರಡಿ. ತಾ ಪ್ರೋಮ್ ಕೊನೆಗೆ, ಮಧ್ಯಾಹ್ನ ಮೂರೂವರೆಯ ಮೇಲೆ.